ಕಾಣದ ಅಂಗಳದ ನ್ಯಾಯ

ಯಡಿಯೂರು ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ಸಂಜೆಯ ಹೊತ್ತು ನಡೆದಾಡುವುದು, ನಿವೃತ್ತನಾದ ಮೇಲೆ ನಾನು ರೂಢಿಸಿಕೊಂಡ ಅಭ್ಯಾಸ. ಒಂದು ದಿನ ಎರಡು ಸುತ್ತು ಮುಗಿಸಿ ಬೆಂಚಿನ ಮೇಲೆ ಕುಳಿತಿದ್ದೆ. ನಮ್ಮ ಬೀದಿಯ ಹುಡುಗನೊಬ್ಬ, ಒಂಬತ್ತನೆಯ ತರಗತಿಯಲ್ಲಿ ಓದುವವನು, ಕೈಯಲ್ಲಿ ಮೊಬೈಲು ಹಿಡಿದು ಬಂದು ಪಕ್ಕದಲ್ಲಿ ಕುಳಿತ. ಮುಖ ಬಾಡಿತ್ತು.

"ತಾತ, ನನ್ನ ಚೆಸ್ ಖಾತೆಯನ್ನು ಮುಚ್ಚಿಬಿಟ್ಟಿದ್ದಾರೆ. ಯಾರೋ ನನ್ನ ಮೇಲೆ ರಿಪೋರ್ಟ್ ಮಾಡಿದ್ದಾರೆ" ಎಂದ.

"ಯಾರು ಮಾಡಿದರು?" ಎಂದೆ. "ಗೊತ್ತಿಲ್ಲ." "ಏನೆಂದು ದೂರಿದರು?" "ನಿಯಮ ಮೀರಿ ಆಡಿದ್ದೇನೆ ಎಂದಷ್ಟೇ ಬಂದಿದೆ." "ವಿಚಾರಣೆ ಮಾಡಿದವರು ಯಾರು?" "ಅದೂ ಗೊತ್ತಿಲ್ಲ." "ನಿನ್ನನ್ನು ಒಂದು ಮಾತು ಕೇಳಿದರೆ?" "ಇಲ್ಲ ತಾತ."

ಆ ನಾಲ್ಕು ಉತ್ತರಗಳು ರಾತ್ರಿಯವರೆಗೂ ನನ್ನ ಮನಸ್ಸಿನಲ್ಲಿ ಸುಳಿಯುತ್ತಿದ್ದವು. ಜಯನಗರ, ಬನಶಂಕರಿ ಬಡಾವಣೆಗಳು ಎದ್ದುಬರುವ ಮುನ್ನ ಯಡಿಯೂರು ಒಂದು ಹಳ್ಳಿಯಾಗಿತ್ತು. ಹಳ್ಳಿಯ ಬಯಲಿನಲ್ಲಿ ಚಿನ್ನಿದಾಂಡು ಆಡುವ ಹುಡುಗರಲ್ಲಿ ಜಗಳ ಬಂದರೆ, ಆಡಿದವನೂ ದೂರಿದವನೂ ನೋಡಿದವರೂ ಅಲ್ಲಿಯೇ ಇರುತ್ತಿದ್ದರು. ಹಿರಿಯ ಹುಡುಗನೊಬ್ಬ ಇಬ್ಬರ ಮುಖವನ್ನೂ ನೋಡಿ ಒಂದು ಮಾತು ಹೇಳುತ್ತಿದ್ದ. ಒಪ್ಪದವನು ಮುನಿಸಿಕೊಂಡು ಮನೆಗೆ ಹೋಗಿ, ಮರುದಿನ ತಾನಾಗಿಯೇ ಹಿಂದಿರುಗುತ್ತಿದ್ದ. ಆದರೆ ಈ ಹೊಸ ಅಂಗಳದಲ್ಲಿ ಆಡುವವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಈ ಹುಡುಗನ ಎದುರಾಳಿ ಮಂಗಳೂರಿನವನಾಗಿರಬಹುದು, ಕಜಾಕಸ್ತಾನದವನಾಗಿರಬಹುದು. ಇಬ್ಬರಿಗೂ ಇರುವುದು ಒಂದು ಸುಳ್ಳುಹೆಸರು ಮತ್ತು ಒಂದು ಅಂಕಿ ಮಾತ್ರ. ಇಂಥ ಅಂಗಳದಲ್ಲಿ ತಪ್ಪು ನಡೆದಾಗ ಅದನ್ನು ಕಂಡುಹಿಡಿಯುವುದು ಹೇಗೆ? ದೂರು ಬಂದಾಗ ಅದನ್ನು ತೂಗುವವರು ಯಾರು? ಅಂದಿನಿಂದ ನಾನು ಈ ವಿಷಯವನ್ನು ಓದತೊಡಗಿದೆ. ತಿಳಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲು ತಪ್ಪು ಎಂಥದು ಎಂಬುದನ್ನು ನೋಡೋಣ. ಚದುರಂಗ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಕುದುರೆಯೊಂದನ್ನು 64 ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ಇಳಿಸಿ ಹಲಗೆಯನ್ನೆಲ್ಲ ಸುತ್ತಿಸುವ ಚಮತ್ಕಾರದ ಬಂಧಗಳನ್ನು ರಚಿಸಿದವರು. ಆ ಕಾಲದಲ್ಲಿ ಚದುರಂಗದಲ್ಲಿ ಮೋಸ ಮಾಡಬೇಕಾದರೆ ಬೆನ್ನ ಹಿಂದೆ ತನಗಿಂತ ಬುದ್ಧಿವಂತನೊಬ್ಬನನ್ನು ನಿಲ್ಲಿಸಿಕೊಳ್ಳಬೇಕಾಗಿತ್ತು. 1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರವು ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಆ ಯಂತ್ರ ಆಳೆತ್ತರದ ಬೀರುಗಳಷ್ಟು ದೊಡ್ಡದಾಗಿತ್ತು. ಇಂದು ಅದಕ್ಕಿಂತ ಬಲವಾದ ಆಟಗಾರ ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲಿದ್ದಾನೆ. ಚದುರಂಗವಾಡುವ ಇಂಥ ಪ್ರೋಗ್ರಾಮನ್ನು ಆಟಗಾರರು ಎಂಜಿನ್ ಎಂದು ಕರೆಯುತ್ತಾರೆ. ಎದುರಾಳಿಯ ನಡೆಯನ್ನು ಎಂಜಿನ್ನಿಗೆ ತಿಳಿಸಿ, ಅದು ಹೇಳಿದ ನಡೆಯನ್ನು ತನ್ನದೆಂದು ಆಡಿದರೆ ಆಡುವವನ ಕೋಣೆಯಲ್ಲಿ ನೋಡುವವರಾರೂ ಇಲ್ಲ. ಬೇರೆ ಬಗೆಯ ಆಟಗಳಲ್ಲಿ ಮೋಸವೂ ಬೇರೆ: ಗುಂಡು ಹಾರಿಸುವ ಆಟದಲ್ಲಿ ಗೋಡೆಯಾಚೆ ಅಡಗಿರುವವರನ್ನು ಕಾಣಿಸುವ, ಗುರಿಯನ್ನು ತಾನಾಗಿಯೇ ಹಿಡಿದುಕೊಡುವ ಕಳ್ಳ ಪ್ರೋಗ್ರಾಮುಗಳುಂಟು. ಇನ್ನು ಬೈಗುಳಕ್ಕಂತೂ ಪ್ರೋಗ್ರಾಮು ಬೇಕಾಗಿಲ್ಲ.

ಆಟಗಾರನ ಪರದೆಯ ಒಂದು ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಗುಂಡಿಯಿರುತ್ತದೆ. ಎದುರಾಳಿಯ ನಡತೆ ಅನುಮಾನ ಹುಟ್ಟಿಸಿದರೆ ಅದನ್ನೊತ್ತಿ, ಕಾರಣವನ್ನು ಸೂಚಿಸಿ ದೂರು ಕಳುಹಿಸಬಹುದು. ಹುಡುಗರ ಬಾಯಲ್ಲಿ ಇದೇ 'ರಿಪೋರ್ಟ್ ಮಾಡುವುದು'. ದೂರು ಕೊಡುವುದಕ್ಕೆ ಎರಡು ಕ್ಷಣ ಸಾಕು. ದೂರು ಕೊಡುವುದು ಇಷ್ಟು ಸುಲಭವಾದದ್ದು ಒಳ್ಳೆಯದೇ. ನೊಂದವನು ಅರ್ಜಿಯ ನಮೂನೆಗಳಲ್ಲಿ ಸಿಕ್ಕಿಕೊಂಡು ಸುಮ್ಮನಾಗಬಾರದು. ಆದರೆ ಸುಲಭವಾದ ಗುಂಡಿ ಸೋತವನ ಸಿಟ್ಟಿಗೂ ಸುಲಭವೇ. ತನ್ನನ್ನು ಸೋಲಿಸಿದವನು ಮೋಸಗಾರನಾಗಿರಲೇಬೇಕೆಂದು ನಂಬುವುದು ಮನುಷ್ಯಸ್ವಭಾವ. ನಾಲ್ವರು ಗೆಳೆಯರು ಸೇರಿ ತಮಗಾಗದವನ ಮೇಲೆ ಒಟ್ಟಾಗಿ ದೂರು ಹಾಕುವುದೂ ಉಂಟು. ಆದ್ದರಿಂದ ಹತ್ತು ದೂರುಗಳು ಬಂದವೆಂದ ಮಾತ್ರಕ್ಕೆ ತಪ್ಪು ಹತ್ತುಪಟ್ಟು ಸಾಬೀತಾಗುವುದಿಲ್ಲ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಿಗೆ ಬರುತ್ತದೆ. ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳವು. ಶಾಲೆಯ ಹುಡುಗರಿಗಾಗಿ ಚದುರಂಗ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದೆವು. ಇಬ್ಬರು ಹುಡುಗರು ಓಡಿಬಂದು, ಎದುರಾಳಿ ನೀರು ಕುಡಿಯಲು ಎದ್ದುಹೋದಾಗ ಇಂಥವನು ಆನೆಯನ್ನು ಪಕ್ಕದ ಮನೆಗೆ ಸರಿಸಿದನೆಂದು ದೂರಿದರು. ಇಬ್ಬರ ಮಾತೂ ಒಂದೇ ಆಗಿತ್ತು. ಇಬ್ಬರು ಹೇಳಿದ ಮೇಲೆ ಇನ್ನೇನು ಎಂದು ನಾನು ಆ ಹುಡುಗನನ್ನು ಸ್ಪರ್ಧೆಯಿಂದ ಹೊರಗೆ ಕಳುಹಿಸಿದೆ. ಅವನು ಏನನ್ನೋ ಹೇಳಲು ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಕೆಲವು ತಿಂಗಳು ಕಳೆದ ಮೇಲೆ, ದೂರಿದವರಲ್ಲಿ ಒಬ್ಬ ತಾನಾಗಿಯೇ ಬಂದು, ಹಿಂದಿನ ಸುತ್ತಿನಲ್ಲಿ ಅವನಿಂದ ಸೋತಿದ್ದ ಸಿಟ್ಟಿಗೆ ಹಾಗೆ ಹೇಳಿದೆವೆಂದು ಒಪ್ಪಿಕೊಂಡ. ಅಷ್ಟರಲ್ಲಿ ಆ ಹುಡುಗನ ತಂದೆಗೆ ವರ್ಗವಾಗಿ ಮನೆಯವರೆಲ್ಲ ಊರು ಬಿಟ್ಟುಹೋಗಿದ್ದರು. ವಿಳಾಸ ಸಿಗಲಿಲ್ಲ. ಬರೆದಿಟ್ಟ ಕಾಗದ ಹಲವು ವರ್ಷ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು.

ದೂರು ಬಂದ ಮೇಲೆ ಸಾಕ್ಷ್ಯವನ್ನು ಹುಡುಕಬೇಕು. ಈ ವಿಷಯದಲ್ಲಿ ಕಾಣದ ಅಂಗಳಕ್ಕೆ ಒಂದು ಅನುಕೂಲವಿದೆ. ನನ್ನ ಶಾಲೆಯ ಹಲಗೆಗೆ ಅದಿರಲಿಲ್ಲ. ಅಲ್ಲಿ ನಡೆದದ್ದೆಲ್ಲವೂ ದಾಖಲಾಗಿ ಉಳಿಯುತ್ತದೆ. ಯಾವ ನಡೆಯನ್ನು ಎಷ್ಟು ಸೆಕೆಂಡುಗಳಲ್ಲಿ ಆಡಿದ, ಆಟದ ನಡುವೆ ಬೇರೆ ಪುಟಕ್ಕೆ ಎಷ್ಟು ಸಲ ಹೋಗಿಬಂದ ಎಂಬುದನ್ನೂ ಗಮನಿಸಬಹುದು. ಪರೀಕ್ಷಿಸುವವರು ಆಟಗಾರನ ನಡೆಗಳನ್ನು ಎಂಜಿನ್ನಿನ ನಡೆಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಎದುರಾಳಿ ಪುಕ್ಕಟೆಯಾಗಿ ಕೊಟ್ಟ ಕಾಯನ್ನು ಹೊಡೆಯುವುದು ಯಾರಿಗಾದರೂ ಹೊಳೆಯುವ ನಡೆ; ಅಲ್ಲಿ ಹೋಲಿಕೆ ಕಂಡರೆ ಏನೂ ಸಿದ್ಧವಾಗುವುದಿಲ್ಲ. ಗ್ರ್ಯಾಂಡ್‌ಮಾಸ್ಟರರೂ ತಡವರಿಸುವ ಕಡೆಗಳಲ್ಲಿ ಸಾಧಾರಣ ಆಟಗಾರನೊಬ್ಬ ಮತ್ತೆ ಮತ್ತೆ ಎಂಜಿನ್ನಿನ ನಡೆಯನ್ನೇ ಆಡಿದರೆ ಅನುಮಾನ ಗಟ್ಟಿಯಾಗುತ್ತದೆ. ಕಾಲದ ಲೆಕ್ಕವೂ ಮಾತಾಡುತ್ತದೆ. ಮನುಷ್ಯನು ಸುಲಭದ ನಡೆಯನ್ನು ಬೇಗ ಆಡುತ್ತಾನೆ, ಕಠಿಣವಾದುದಕ್ಕೆ ತಲೆ ಕೆರೆದುಕೊಳ್ಳುತ್ತಾನೆ. ಸುಲಭಕ್ಕೂ ಕಠಿಣಕ್ಕೂ ಒಂದೇ ಸಮನಾಗಿ ಏಳೆಂಟು ಸೆಕೆಂಡು ತೆಗೆದುಕೊಳ್ಳುವವನು ಯೋಚಿಸುತ್ತಿದ್ದಾನೆಯೋ, ಇನ್ನೊಂದು ಪರದೆಯನ್ನು ನೋಡುತ್ತಿದ್ದಾನೆಯೋ?

ಆದರೂ ಇವೆಲ್ಲ ಸಂಭವದ ಮಾತುಗಳೇ ಹೊರತು ಕಣ್ಣಾರೆ ಕಂಡ ಸಾಕ್ಷ್ಯವಲ್ಲ. ಯಾರ ಆಟವಾದರೂ ಒಂದು ದಿನ ಬೆಳಗಬಹುದು. ಆದ್ದರಿಂದಲೇ ಒಂದೇ ಆಟವನ್ನು ನೆಚ್ಚದೆ ಅನೇಕ ಆಟಗಳನ್ನು ಒಟ್ಟಿಗೆ ನೋಡುವುದು ಪದ್ಧತಿ. ಫ್ರಾನ್ಸಿನ ಟಿಬೊ ಡುಪ್ಲೆಸಿ ಎಂಬವರು 2010ರಲ್ಲಿ ಆರಂಭಿಸಿದ ಲೀಚೆಸ್ ಎಂಬ ಉಚಿತ ತಾಣದಲ್ಲಿ ಇರ್ವಿನ್, ಕಲಾದಿನ್ ಎಂಬ ಪರೀಕ್ಷಕ ಪ್ರೋಗ್ರಾಮುಗಳ ಜೊತೆಗೆ ಆಟ ಬಲ್ಲ ಸ್ವಯಂಸೇವಕರೂ ದೂರುಗಳನ್ನು ನೋಡುತ್ತಾರೆ. ಗುರುತು ಹಾಕಲ್ಪಟ್ಟವನು ಮೇಲ್ಮನವಿ ಬರೆದುಕೊಳ್ಳಲು ಅವಕಾಶವಿದೆ. ಮೋಸಗಾರನಿಂದ ಸೋತವರು ಕಳೆದುಕೊಂಡಿದ್ದ ಅಂಕಗಳನ್ನು ಅವರಿಗೆ ಹಿಂದಿರುಗಿಸುವ ಏರ್ಪಾಡೂ ಉಂಟು. ಶಿಕ್ಷೆಯ ಗದ್ದಲದಲ್ಲಿ ನೊಂದವನನ್ನು ಮರೆಯದಿರುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಬೆಂಗಳೂರಿಗೇ ಸೇರಿದ ಒಂದು ಪ್ರಸಂಗವನ್ನು ಈಗ ನೋಡೋಣ. 2021ರ ಜೂನ್ 13ರಂದು, ಕೋವಿಡ್ ಕಾಲದ ನೆರವಿಗಾಗಿ ಅಂತರಜಾಲದಲ್ಲಿ ಒಂದು ಚದುರಂಗ ಕಾರ್ಯಕ್ರಮ ನಡೆಯಿತು. ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ವಿಶ್ವನಾಥನ್ ಆನಂದ್ ಅವರು ಹಲವು ಪ್ರಸಿದ್ಧ ವ್ಯಕ್ತಿಗಳೊಡನೆ ಏಕಕಾಲದಲ್ಲಿ ಆಡಿದರು. ನಮ್ಮ ಚಲನಚಿತ್ರ ನಟ ಸುದೀಪ್ ಇದ್ದರು. ಹಿಂದಿಯ ಆಮೀರ್ ಖಾನ್ ಇದ್ದರು. ಸಂಗ್ರಹವಾದ ಹಣ ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ಸಲ್ಲುವುದಾಗಿತ್ತು. ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಬಡಿಸುವ ಆ ಸಂಸ್ಥೆ ನಿಮಗೆ ಪರಿಚಿತವೇ. ಆಟ ನಡೆದದ್ದು ಚೆಸ್ ಡಾಟ್ ಕಾಮ್ ಎಂಬ ತಾಣದಲ್ಲಿ.

ಆಡಿದವರಲ್ಲಿ ಒಬ್ಬರು ಜೆ.ಪಿ. ನಗರದಲ್ಲಿ ಕಚೇರಿಯನ್ನು ಹೊಂದಿರುವ ಜೆರೋಧ ಸಂಸ್ಥೆಯ ಸಹಸ್ಥಾಪಕ ನಿಖಿಲ್ ಕಾಮತ್. ಅವರು ಆನಂದ್ ಅವರನ್ನು ಸೋಲಿಸಿದರು! ಅವರ ನಡೆಗಳು ಎಂಜಿನ್ನಿನ ನಡೆಗಳಿಗೆ ಬಹುಮಟ್ಟಿಗೆ ಸರಿಹೋಗಿದ್ದುವು. ನೋಡುತ್ತಿದ್ದವರಿಗೆ ಅಚ್ಚರಿಯಾಯಿತು, ಅಚ್ಚರಿಯ ಹಿಂದೆಯೇ ಅನುಮಾನ ಬಂದಿತು. ನ್ಯಾಯಯುತ ಆಟದ ನಿಯಮವನ್ನು ಮೀರಿದ್ದಾರೆಂದು ತಾಣವು ಅವರ ಖಾತೆಯನ್ನು ಮುಚ್ಚಿತು. ಮರುದಿನ ಕಾಮತ್ ಅವರು ಬಹಿರಂಗವಾಗಿ ವಿಷಯವನ್ನು ಒಪ್ಪಿಕೊಂಡರು: ಆಟವನ್ನು ವಿಶ್ಲೇಷಿಸುತ್ತಿದ್ದವರಿಂದಲೂ ಗಣಕಯಂತ್ರದಿಂದಲೂ ತಮಗೆ ನೆರವು ಸಿಕ್ಕಿತ್ತು, ವಿನೋದಕ್ಕಾಗಿ, ಧರ್ಮಕಾರ್ಯಕ್ಕಾಗಿ ಆಡಿದ ಆಟವದು, ಇಷ್ಟು ಗೊಂದಲವಾದೀತೆಂದು ತಿಳಿಯದೆ ಹೋಯಿತು, ಕ್ಷಮಿಸಬೇಕು. ತಾವು ನಿಜವಾಗಿಯೂ ಆನಂದ್ ಅವರನ್ನು ಸೋಲಿಸಿದೆವೆಂದು ಜನ ನಂಬುವುದು, ತಾವು ಉಸೇನ್ ಬೋಲ್ಟ್ ಅವರನ್ನು 100 ಮೀಟರ್ ಓಟದಲ್ಲಿ ಹಿಂದೆ ಹಾಕಿದೆವೆಂದು ನಂಬಿದ ಹಾಗೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಆನಂದ್ ಅವರು ಬಹಳ ಹೇಳಲಿಲ್ಲ. ಹಲಗೆಯ ಮೇಲಿದ್ದ ಸ್ಥಿತಿಯನ್ನು ನೋಡಿ ತಾವು ಆಡಿದೆವು, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆವು ಎಂದಷ್ಟೇ ತಿಳಿಸಿದರು. ಅಷ್ಟು ಮೆಲುದನಿಯಲ್ಲಿ ಅಷ್ಟು ಗಟ್ಟಿಯಾಗಿ ಹೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಅನಂತರ ತಾಣವು ಖಾತೆಯನ್ನು ಮತ್ತೆ ತೆರೆಯಿತು. ಅದು ಶ್ರೇಯಾಂಕಕ್ಕೆ ಸೇರದ ಆಟ. ಆನಂದ್ ಅವರಿಗೂ ವಿಷಯವನ್ನು ಮುಂದುವರಿಸುವ ಇಚ್ಛೆಯಿಲ್ಲ. ಹೀಗಿರುವಾಗ ಖಾತೆಯನ್ನು ಮುಚ್ಚಿಯೇ ಇಡಲು ಕಾರಣವಿಲ್ಲ ಎಂಬುದು ತಾಣದವರ ನಿಲುವಾಗಿತ್ತು. ಇದು ತಪ್ಪು ತೀರ್ಮಾನವೆಂದು ನಾನು ಹೇಳುವುದಿಲ್ಲ. ಒಪ್ಪಿಕೊಂಡವನಿಗೆ ಬಾಗಿಲು ತೆರೆಯುವುದು ಒಳ್ಳೆಯ ಪದ್ಧತಿಯೇ. ಆ ತಾಣವು ತಪ್ಪೊಪ್ಪಿಕೊಂಡ ಅನಾಮಿಕ ಆಟಗಾರರಿಗೂ ಹೊಸ ಖಾತೆ ತೆರೆಯುವ ಅವಕಾಶ ಕೊಟ್ಟಿರುವುದುಂಟು. ಆದರೆ ನನ್ನ ಮನಸ್ಸು ಒಂದು ಪ್ರಶ್ನೆಯನ್ನು ಕೇಳದೆ ಬಿಡಲಿಲ್ಲ. ಜೆ.ಪಿ. ನಗರದ ಉದ್ಯಮಿಯ ಮಾತನ್ನು ದೇಶದ ಪತ್ರಿಕೆಗಳು ಮುದ್ರಿಸಿದವು. ಆದ್ದರಿಂದ ಅವರ ಪರ ವಿರೋಧದ ಮಾತೆಲ್ಲ ಬೇಗನೆ ಹೊರಬಿದ್ದು ಬೇಗನೆ ಇತ್ಯರ್ಥವಾಯಿತು. ಯಡಿಯೂರಿನ ಒಂಬತ್ತನೆಯ ತರಗತಿಯ ಹುಡುಗನ ಮಾತನ್ನು ಯಾರು ಮುದ್ರಿಸುತ್ತಾರೆ? ಅವನಿಗಿರುವುದು ಮೇಲ್ಮನವಿಯ ಒಂದು ಪೆಟ್ಟಿಗೆ ಮಾತ್ರ.

ಹಾಗಾದರೆ ವಿಚಾರಣೆಯನ್ನು ಆಟಗಾರರ ಕೈಗೇ ಕೊಟ್ಟರೆ ಹೇಗೆ? ಅದನ್ನೂ ಮಾಡಿನೋಡಿದ್ದಾರೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ತಯಾರಕರಾದ ರಯಟ್ ಗೇಮ್ಸ್‌ನವರು 2011ರಲ್ಲಿ ಟ್ರಿಬ್ಯೂನಲ್ ಎಂಬ ಒಂದು ವ್ಯವಸ್ಥೆಯನ್ನು ತಂದರು. ಮೇಲಿಂದ ಮೇಲೆ ದೂರಿಗೆ ಗುರಿಯಾದವನ ಆಟದ ವಿವರಗಳನ್ನೂ ಆತ ಆಡಿದ ಮಾತುಗಳನ್ನೂ ಇತರ ಆಟಗಾರರು ಓದಿ, ಶಿಕ್ಷಿಸಬೇಕೆ ಕ್ಷಮಿಸಬೇಕೆ ಎಂದು ಮತ ಹಾಕುತ್ತಿದ್ದರು. ನಮ್ಮ ಅರಳಿಕಟ್ಟೆಯ ಪಂಚಾಯಿತಿಯೇ ಪರದೆಯ ಮೇಲೆ ಬಂದಂತೆ! ಆದರೆ 2014ರಲ್ಲಿ ಅದು ನಿಂತುಹೋಯಿತು. ಕೌಂಟರ್ ಸ್ಟ್ರೈಕ್ ಎಂಬ ಆಟದಲ್ಲಿ ವಾಲ್ವ್ ಸಂಸ್ಥೆಯವರು 2013ರಲ್ಲಿ ಓವರ್‌ವಾಚ್ ಎಂಬ ಇನ್ನೊಂದು ಕ್ರಮವನ್ನು ಆರಂಭಿಸಿದರು. ಅನುಭವಿ ಆಟಗಾರರಿಗೆ ದೂರಿಗೊಳಗಾದವನ ಆಟದ ಕೆಲವು ಸುತ್ತುಗಳ ಮರುಪ್ರದರ್ಶನವನ್ನು ತೋರಿಸುತ್ತಿದ್ದರು; ಅವನ ಹೆಸರನ್ನು ಮರೆಮಾಡುತ್ತಿದ್ದರು. ಅನುಮಾನಕ್ಕೆ ಎಡೆಯಿಲ್ಲದಷ್ಟು ತಪ್ಪು ಸ್ಪಷ್ಟವಾಗಿದೆ, ಅಥವಾ ಸಾಕ್ಷ್ಯ ಸಾಲದು, ಈ ಎರಡರಲ್ಲಿ ಒಂದನ್ನು ಅವರು ಆರಿಸಬೇಕಾಗಿತ್ತು. 'ಇವನು ನಿರಪರಾಧಿ' ಎಂದು ಹೇಳುವ ಆಯ್ಕೆ ಅಲ್ಲಿರಲಿಲ್ಲವೆಂಬುದನ್ನು ಗಮನಿಸಿರಿ. ಸಾಕ್ಷ್ಯ ಸಾಲದಿದ್ದರೆ ಅಷ್ಟೇ ಸಾಕು; ತಾನು ನಿರಪರಾಧಿಯೆಂದು ಸಾಧಿಸುವ ಭಾರವನ್ನು ಆರೋಪಿಯ ತಲೆಗೆ ಕಟ್ಟುವ ಅಗತ್ಯವಿಲ್ಲ. ಇದಲ್ಲದೆ, ಉತ್ತರ ಮೊದಲೇ ತಿಳಿದಿರುವ ಪ್ರಕರಣಗಳನ್ನು ನಡುನಡುವೆ ಸೇರಿಸಿ, ತೀರ್ಪುಗಾರರನ್ನೇ ಪರೀಕ್ಷಿಸುತ್ತಿದ್ದರು. ಅಧ್ಯಾಪಕರಿಗೂ ಇಂಥದೊಂದು ಪರೀಕ್ಷೆ ಇದ್ದಿದ್ದರೆ ನಾನು ಆ ಚದುರಂಗ ಸ್ಪರ್ಧೆಯ ದಿನವೇ ಅನುತ್ತೀರ್ಣನಾಗುತ್ತಿದ್ದೆ.

ಮನುಷ್ಯರಂತೆ ಯಂತ್ರವೂ ತಪ್ಪುತ್ತದೆ. ಇದೇ ವಾಲ್ವ್ ಸಂಸ್ಥೆಯ ಮೋಸಪತ್ತೆಯ ಪ್ರೋಗ್ರಾಮು 2010ರ ಜುಲೈಯಲ್ಲಿ ಮಾಡರ್ನ್ ವಾರ್‌ಫೇರ್ 2 ಎಂಬ ಆಟದ ಸುಮಾರು 12,000 ಆಟಗಾರರನ್ನು ಮೋಸಗಾರರೆಂದು ನಿಷೇಧಿಸಿತು. ಅವರಲ್ಲಿ ಯಾರೂ ಆ ತಪ್ಪನ್ನು ಮಾಡಿರಲಿಲ್ಲ. ಆಟದ ಕಡತವು ಪರಿಷ್ಕಾರಗೊಳ್ಳುತ್ತಿದ್ದ ಹೊತ್ತಿನಲ್ಲಿ, ಗಣಕದ ಡಿಸ್ಕಿನಲ್ಲಿದ್ದ ಪ್ರತಿಗೂ ನೆನಪಿನಲ್ಲಿದ್ದ ಪ್ರತಿಗೂ ಹೊಂದಾಣಿಕೆ ತಪ್ಪಿತ್ತು. ಆ ವ್ಯತ್ಯಾಸವನ್ನೇ ಪ್ರೋಗ್ರಾಮು ಕಳ್ಳತನವೆಂದು ಬಗೆಯಿತು. ಈ ಸಂಸ್ಥೆ ತನ್ನ ಯಂತ್ರ ವಿಧಿಸಿದ ನಿಷೇಧಗಳು ಶಾಶ್ವತವೆಂದೂ, ಅವುಗಳ ಬಗ್ಗೆ ಚೌಕಾಸಿಯಿಲ್ಲವೆಂದೂ ಹೇಳಿಕೊಂಡದ್ದು. ಆದರೂ ತಪ್ಪು ತಿಳಿದೊಡನೆ ನಿಷೇಧಗಳನ್ನು ತೆಗೆದುಹಾಕಿತು. ಸಂಸ್ಥೆಯ ಮುಖ್ಯಸ್ಥ ಗೇಬ್ ನ್ಯೂಯೆಲ್ ತಾವೇ ಪತ್ರ ಬರೆದು ಕ್ಷಮೆ ಕೇಳಿದರು. ನೊಂದವರಿಗೆಲ್ಲ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟರು. 12,000 ಮಂದಿ ಒಟ್ಟಿಗೆ ಕೂಗಿದ್ದರಿಂದ ಆ ತಪ್ಪು ಬೇಗ ಬೆಳಕಿಗೆ ಬಂದಿತು. ಒಬ್ಬನೇ ಒಬ್ಬನ ಪಾಲಿಗೆ ಅದು ನಡೆದಿದ್ದರೆ?

ದೂರನ್ನು ಕೊಡುವ ಸ್ಥಳವಿದ್ದೂ ಅಲ್ಲಿ ಕೊಡದೆ ಬೀದಿಯಲ್ಲಿ ಸಾರಿದರೆ ಏನಾಗುತ್ತದೆ ಎಂಬುದಕ್ಕೆ ಚದುರಂಗ ಲೋಕದ ದೊಡ್ಡ ಜಗಳವೊಂದು ನಿದರ್ಶನ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಅಂದಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವರು 19 ವರ್ಷದ ಹಾನ್ಸ್ ನೀಮನ್ ಎಂಬ ಯುವಕನಿಂದ ಸೋತರು. ಇದು ಪರದೆಯ ಮೇಲಣ ಆಟವಲ್ಲ, ಎದುರುಬದುರು ಕುಳಿತು ಆಡಿದ್ದು. ಮರುದಿನ ಕಾರ್ಲ್‌ಸನ್ ಪಂದ್ಯಾವಳಿಯಿಂದಲೇ ಹೊರಬಂದರು. ಕಾರಣವನ್ನು ಹೇಳದೆ, ಫುಟ್‌ಬಾಲ್ ತರಬೇತುದಾರನೊಬ್ಬನ ಹಳೆಯ ಚಿತ್ರತುಣುಕನ್ನು ಹಂಚಿಕೊಂಡರು. 'ನಾನು ಬಾಯಿ ಬಿಟ್ಟರೆ ತೊಂದರೆಗೆ ಸಿಕ್ಕಿಕೊಳ್ಳುತ್ತೇನೆ' ಎಂಬುದು ಅದರ ಇಂಗಿತ. ಆ ಇಂಗಿತವೇ ಸಾಕಾಯಿತು, ಲೋಕವೆಲ್ಲ ತೀರ್ಪು ಕೊಡಲು ಕುಳಿತಿತು. ನೀಮನ್ ಅವರು ತಮ್ಮ 12ನೆಯ ಮತ್ತು 16ನೆಯ ವಯಸ್ಸಿನಲ್ಲಿ ಅಂತರಜಾಲದ ಆಟಗಳಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡರು. ಎದುರುಬದುರಿನ ಆಟದಲ್ಲಿ ಎಂದೂ ಮಾಡಿಲ್ಲವೆಂದರು. ಚೆಸ್ ಡಾಟ್ ಕಾಮ್ 72 ಪುಟಗಳ ವರದಿಯೊಂದನ್ನು ಹೊರತಂದು, ಅವರು ನೂರಕ್ಕೂ ಹೆಚ್ಚು ಅಂತರಜಾಲ ಆಟಗಳಲ್ಲಿ ಮೋಸ ಮಾಡಿರುವ ಸಂಭವವಿದೆ ಎಂದಿತು. ನೀಮನ್ ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ರಾಜಿಯಾಗಿ ಅವರ ಖಾತೆ ಮರಳಿ ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಕಾರ್ಲ್‌ಸನ್ ಅವರಿಗೆ, ಸರಿಯಾದ ಕಾರಣವಿಲ್ಲದೆ ಪಂದ್ಯಾವಳಿಯನ್ನು ತೊರೆದುದಕ್ಕಾಗಿ 10,000 ಯೂರೋ ದಂಡ ವಿಧಿಸಿತು. ಉಳಿದ ಆರೋಪಗಳಿಂದ ಬಿಡುಗಡೆ ಮಾಡಿತು. ಇಷ್ಟೆಲ್ಲ ಆದರೂ ಸೇಂಟ್ ಲೂಯಿಯ ಆ ಒಂದು ಆಟದಲ್ಲಿ ಮೋಸ ನಡೆಯಿತೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಹಿಂದೆ ಒಮ್ಮೆ ತಪ್ಪಿದವನ ಮೇಲೆ ಮುಂದಿನ ಪ್ರತಿಯೊಂದು ಗೆಲುವಿನಲ್ಲಿಯೂ ಬೆರಳು ಏಳುತ್ತದೆ. ಹುಡುಗತನದ ಮೋಸಕ್ಕೆ ಅದು ತೆರಬೇಕಾದ ಬೆಲೆಯೆಂದು ಕೆಲವರು ಹೇಳುವರು. ನನಗೆ ಅದು ಸ್ವಲ್ಪ ದುಬಾರಿಯಾಗಿಯೇ ಕಾಣುತ್ತದೆ.

ನಮ್ಮ ದೇಶದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದ ಮಧ್ಯವರ್ತಿ ಸಂಸ್ಥೆಗಳು ಕುಂದುಕೊರತೆಗಳನ್ನು ಆಲಿಸುವ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿದವು. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದವರಿಗಾಗಿ 2022ರ ತಿದ್ದುಪಡಿ ಮೇಲ್ಮನವಿ ಸಮಿತಿಗಳಿಗೂ ಅವಕಾಶ ಕಲ್ಪಿಸಿತು. ಆದರೆ ಒಂದು ಆಟದ ಖಾತೆಗಾಗಿ ಅಲ್ಲಿಯವರೆಗೆ ಹೋಗುವ ಮಕ್ಕಳು ಎಷ್ಟು ಮಂದಿ? ಹೆಚ್ಚಿನವರು ಬೇರೊಂದು ಹೆಸರಿನಲ್ಲಿ ಗುಟ್ಟಾಗಿ ಒಳಗೆ ಬರುತ್ತಾರೆ. ಅದು ಇನ್ನೊಂದು ನಿಯಮಭಂಗ.

ನಮ್ಮ ಬೀದಿಯ ಹುಡುಗನೂ ಅದನ್ನೇ ಮಾಡಲಿದ್ದ. ನಾನು ತಡೆದೆ. ಮರುದಿನ ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಇಬ್ಬರೂ ಮೇಲ್ಮನವಿ ಬರೆಯತೊಡಗಿದೆವು. ಮೊದಲು ಕನ್ನಡದಲ್ಲಿ ಬರೆ, ಮನಸ್ಸಿನಲ್ಲಿರುವುದು ಸರಿಯಾಗಿ ಬರುತ್ತದೆ, ಆಮೇಲೆ ಇಂಗ್ಲಿಷಿಗೆ ಮಾಡೋಣ ಎಂದೆ. ನಾನು ಎರಡು ವರ್ಷದಿಂದ ಆಡುತ್ತಿದ್ದೇನೆ, ಒಂದು ದಿನವೂ ಎಂಜಿನ್ ಉಪಯೋಗಿಸಿಲ್ಲ, ನನ್ನ ಆಟಗಳನ್ನೆಲ್ಲ ಬೇಕಾದರೆ ನೋಡಿ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದ. ನಾನು ಮೆಚ್ಚಿ ತಲೆಯಾಡಿಸಿದೆ. ಅವನು ಪೆನ್ನನ್ನು ಕೆಳಗಿಡಲಿಲ್ಲ, ಬರೆಯಲೂ ಇಲ್ಲ.

"ತಾತ, ಕಳೆದ ತಿಂಗಳು ಮೂರು ಆಟಗಳಲ್ಲಿ ಅಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಅವನ ಮೊಬೈಲಿನಲ್ಲಿ ಎಂಜಿನ್ ಇತ್ತು. ನಾನು ನೋಡಲಿಲ್ಲ, ಅವನು ಹೇಳಿದ್ದನ್ನು ಆಡಿದೆ ಅಷ್ಟೆ. ಅದನ್ನೂ ಬರೆಯಬೇಕಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಹಿಂದಿನ ದಿನ ಸಂಜೆಯಿಂದ ಅವನ ಪರವಾಗಿ ಮನಸ್ಸಿನಲ್ಲಿಯೇ ವಾದ ಹೂಡುತ್ತಿದ್ದವನು ನಾನು. ದೂರಿದವನನ್ನು ಸಿಟ್ಟಿನ ಮನುಷ್ಯನೆಂದೂ, ತಾಣದವರನ್ನು ಕಿವುಡರೆಂದೂ ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಅವರಲ್ಲಿ ಯಾರೊಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

"ನಿನಗೇನು ಅನ್ನಿಸುತ್ತದೆ?" ಎಂದೆ.

ಅವನು ಬಹಳ ಹೊತ್ತು ಕೆಳಗೆ ನೋಡುತ್ತ ಕುಳಿತಿದ್ದ. ಆಮೇಲೆ ಎಂಜಿನ್ ಉಪಯೋಗಿಸಿಲ್ಲ ಎಂಬ ಸಾಲನ್ನು ಹೊಡೆದುಹಾಕಿ, ಆ ಮೂರು ಆಟಗಳ ತಾರೀಖುಗಳನ್ನು ಹುಡುಕಿ ಬರೆದ. ಎದುರಾಳಿಗಳ ಅಂಕಗಳನ್ನು ಅವರಿಗೆ ಹಿಂದಿರುಗಿಸಬೇಕೆಂದು ಕೇಳಿಕೊಂಡ; ಇದು ನಾನು ಹೇಳಿಕೊಟ್ಟದ್ದಲ್ಲ. ಇಂಗ್ಲಿಷಿನಲ್ಲಿ ಒಂದೆರಡು ತಪ್ಪುಗಳಿದ್ದುವು. ಹಳೆಯ ಅಭ್ಯಾಸಬಲದಿಂದ ಕೈ ಕೆಂಪು ಪೆನ್ನನ್ನು ಅರಸಿತಾದರೂ ಹಾಗೆಯೇ ಕಳುಹಿಸಲು ಹೇಳಿದೆ.

ಒಂಬತ್ತನೆಯ ದಿನ ಉತ್ತರ ಬಂದಿತು. ಹಳೆಯ ಖಾತೆ ತೆರೆಯುವುದಿಲ್ಲ; ಹೊಸದೊಂದನ್ನು ತೆರೆಯಬಹುದು; ಇನ್ನೊಮ್ಮೆ ಹೀಗಾದರೆ ಅವಕಾಶವಿಲ್ಲ. ಎರಡು ವರ್ಷ ಕಷ್ಟಪಟ್ಟು ಏರಿಸಿಕೊಂಡಿದ್ದ ಅಂಕಗಳೆಲ್ಲ ಹೋದವು. ಅವನು ಅದನ್ನು ಓದಿ ಹೇಳುವಾಗ ದನಿ ಸ್ವಲ್ಪ ನಡುಗಿತು.

"ಮೊದಲಿಂದ ಶುರು ಮಾಡಬೇಕು ತಾತ" ಎಂದ.

ಕೆರೆಯ ಬೆಂಚಿನ ಮೇಲೆ ಈಗ ಸಂಜೆ ನನ್ನ ಜೊತೆಗೆ ಒಂದು ಮಡಿಸುವ ಚದುರಂಗದ ಹಲಗೆಯೂ ಬರುತ್ತದೆ. ನೀರು ಕುಡಿಯಲು ಎದ್ದುಹೋಗುವಾಗ ಹುಡುಗ ಒಮ್ಮೆ ಹಿಂದಿರುಗಿ ಹಲಗೆಯ ಕಡೆ ನೋಡುತ್ತಾನೆ. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ.